ಎಡಗೈಗೆ ಆತುರ ಬೇಡ

(ಪ್ರಾಥಮಿಕ ಶಾಲೆಗಳ ಸಂಗೀತ ಶಿಕ್ಷಕರ ಒಂದು ಸಣ್ಣ ಕೂಟದಲ್ಲಿ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಅಲ್ಲಿ ನುಡಿಸಿ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಬೇಕಾಗಿದೆ.)

ಎಲ್ಲರಿಗೂ ನಮಸ್ಕಾರ.

ನಾನು ಈ ಪುಟ್ಟ ಉಕುಲೇಲೆ ಹಿಡಿದು ಒಳಗೆ ಬರುವಾಗ ಹಿಂದಿನ ಸಾಲಿನಿಂದ "ಗಿಟಾರ್ ಮರಿ" ಅಂತ ಒಂದು ದನಿ ಬಂತು. ಬೇಜಾರೇನಿಲ್ಲ. ನನ್ನ ಮೂರನೇ ಕ್ಲಾಸಿನ ಮಕ್ಕಳೂ ಮೊದಲ ದಿನ ಹಾಗೇ ಅನ್ನುತ್ತಾರೆ. ಇದು ಮರಿ ಅಲ್ಲ, ಬೇರೆಯದೇ ಜಾತಿ ಅಂತ ಅವರಿಗೆ ಗೊತ್ತಾಗುವುದಕ್ಕೆ ಎರಡು ತಿಂಗಳು ಬೇಕು. ನನಗೆ ಎರಡು ವರ್ಷ ಬೇಕಾಯಿತು.

ನಾನು ಕಲಿತಿದ್ದು ವೀಣೆ. ಬೆಂಗಳೂರಿನ ಒಂದು ಶಾಲೆಯಲ್ಲಿ ಸಂಗೀತ ಟೀಚರ್. ಕೆಲವು ವರ್ಷಗಳ ಹಿಂದೆ ಶಾಲೆಯವರು 32 ಉಕುಲೇಲೆ ತರಿಸಿ, "ಮಿಸ್, ಇನ್ನು ಮೇಲೆ ಇದನ್ನು ಕಲಿಸಿ" ಅಂದರು. ವೀಣೆಗೂ ಮೆಟ್ಟು ಇದೆ, ಇದಕ್ಕೂ ಇದೆ, ಅದೇನು ಮಹಾ ಅಂದುಕೊಂಡೆ. ಗೋಡೆಗೆ ಕಾರ್ಡ್‌ಗಳ, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪುಗಳ, ಚಾರ್ಟ್ ಅಂಟಿಸಿದೆ. ವಾರಕ್ಕೊಂದರಂತೆ ನಾಲ್ಕು ವಾರಕ್ಕೆ ನಾಲ್ಕು ಕಾರ್ಡ್, ಐದನೇ ವಾರ ಹಾಡು. ಲೆಕ್ಕವೇನೋ ಚೆನ್ನಾಗಿತ್ತು. "ಇವತ್ತು ಒಂದು ಕಾರ್ಡ್ ಕಲಿಯೋಣ" ಅಂದ ಕೂಡಲೇ ಒಬ್ಬ ಹುಡುಗ ಕತ್ತಿನಲ್ಲಿದ್ದ ಐಡಿ ಕಾರ್ಡ್ ಎತ್ತಿ ತೋರಿಸಿದ. ಅಲ್ಲೇ ನನಗೆ ಸುಳಿವು ಸಿಗಬೇಕಿತ್ತು.

ಐದನೇ ವಾರ ಏನಾಯಿತು ಅಂದರೆ, 32 ತಲೆಗಳೂ ಬಗ್ಗಿದ್ದವು. ಎಲ್ಲರ ಕಣ್ಣೂ ಎಡಗೈ ಬೆರಳುಗಳ ಮೇಲೆ. ಕೆಲವರ ನಾಲಿಗೆ ಹೊರಗೆ. ಹಾಡುತ್ತಿದ್ದವಳು ನಾನೊಬ್ಬಳೇ. ಒಂದು ತಿಂಗಳ ಹಿಂದೆ ಇದೇ ಮಕ್ಕಳು ಬರಿಗೈಯಲ್ಲಿ ಕಿಟಕಿ ಗಾಜು ಅದುರುವ ಹಾಗೆ ಹಾಡುತ್ತಿದ್ದರು. ನಾನು ಕೈಗೆ ವಾದ್ಯ ಕೊಟ್ಟು ಬಾಯಿ ಕಟ್ಟಿಹಾಕಿದ್ದೆ.

ಇವತ್ತು ನಾನು ಹೇಳಲು ಬಂದಿರುವುದು ಇಷ್ಟೇ. ಉಕುಲೇಲೆ ಹಾಡುವವರ ವಾದ್ಯ. ಅದನ್ನು ಕಲಿಸುವಾಗ ಹಾಡು ನಿಲ್ಲಬಾರದು. ಹಾಡನ್ನು ನಿಲ್ಲಿಸುವುದು ಎಡಗೈ. ಹಾಗಾಗಿ ಎಡಗೈಯನ್ನು ಆದಷ್ಟು ತಡವಾಗಿ ಕೆಲಸಕ್ಕೆ ಕರೆಯಿರಿ.

ಮೊದಲು ಇದರ ಊರಿನ ಬಗ್ಗೆ ಎರಡು ಮಾತು. ಮಕ್ಕಳೂ ಕೇಳುತ್ತಾರೆ, ಪೇರೆಂಟ್ಸ್ ಮೀಟಿಂಗಿನಲ್ಲೂ ಕೇಳುತ್ತಾರೆ. 1879ರ ಆಗಸ್ಟ್‌ನಲ್ಲಿ ರೇವನ್ಸ್‌ಕ್ರ್ಯಾಗ್ ಅನ್ನುವ ಹಡಗು ಹವಾಯಿಯ ಹೊನೊಲುಲು ಬಂದರಿಗೆ ಬಂತು. ಅದರಲ್ಲಿದ್ದವರು ಪೋರ್ಚುಗಲ್‌ಗೆ ಸೇರಿದ ಮಡೀರಾ ದ್ವೀಪದ ಜನ. ಕಬ್ಬಿನ ತೋಟಗಳಲ್ಲಿ ದುಡಿಯಲು ಬಂದವರು. ಅವರ ಜೊತೆ ಮಷೇಟ್ ಅನ್ನುವ ನಾಲ್ಕು ತಂತಿಯ ಪುಟ್ಟ ವಾದ್ಯವೂ ಬಂತು. ಆ ಹಡಗಿನಲ್ಲೇ ಬಂದ ಮೂವರು ಮರಗೆಲಸದವರು, ಮ್ಯಾನುಯೆಲ್ ನೂನಿಸ್, ಆಗಸ್ಟೊ ಡಿಯಾಸ್ ಮತ್ತು ಜೋಸ್ ಡೊ ಎಸ್ಪಿರಿಟೊ ಸ್ಯಾಂಟೊ, ಮುಂದೆ ಹೊನೊಲುಲುವಿನಲ್ಲೇ ಅಂಗಡಿ ಹಾಕಿ ವಾದ್ಯ ಮಾಡತೊಡಗಿದರು. ಅಲ್ಲಿಯ ಕೋವಾ ಮರದಲ್ಲಿ ಅದು ಹೊಸ ರೂಪ ಪಡೆಯಿತು. ಹವಾಯಿಯ ರಾಜ ಕಲಾಕೌವಾ ಅದನ್ನು ಅರಮನೆಯೊಳಗೆ ಕರೆದುಕೊಂಡ. ಉಕು ಅಂದರೆ ಚಿಗಟ, ಲೇಲೆ ಅಂದರೆ ಹಾರುವುದು. ಹಾರುವ ಚಿಗಟ! ರಾಣಿ ಲಿಲಿಉಓಕಲಾನಿ ಇದಕ್ಕೆ ಇನ್ನೊಂದು ಅರ್ಥ ಹೇಳುತ್ತಿದ್ದಳು, ಇಲ್ಲಿಗೆ ಬಂದ ಕಾಣಿಕೆ ಅಂತ. ಅದು ಚೆಂದದ ಅರ್ಥ, ಆದರೆ ಮಕ್ಕಳಿಗೆ ಚಿಗಟವೇ ಇಷ್ಟ.

ಅಂದ ಹಾಗೆ, ಇಂಗ್ಲಿಷಿನವರು ಇದನ್ನು ಯುಕಲೇಲಿ ಅನ್ನುತ್ತಾರೆ. ನಮ್ಮ ಮಕ್ಕಳು ಕನ್ನಡದಲ್ಲಿ ಉಕುಲೇಲೆ ಅಂದಾಗ ಹವಾಯಿಯವರ ಉಚ್ಚಾರಣೆಗೇ ಹತ್ತಿರ ಇರುತ್ತಾರೆ. ತಿದ್ದಬೇಡಿ.

ಶಾಲೆಯಲ್ಲಿ ಇದನ್ನು ಗಂಭೀರವಾಗಿ ಕಲಿಸಿದ್ದು ಕೆನಡಾದವರು. 1960ರ ದಶಕದ ಕೊನೆಯಲ್ಲಿ ಹ್ಯಾಲಿಫ್ಯಾಕ್ಸ್ ಊರಿನ ಶಾಲೆಗಳ ಸಂಗೀತದ ಉಸ್ತುವಾರಿ ಹೊತ್ತಿದ್ದ ಚಾಮರ್ಸ್ ಡೋನ್ ಅವರು ಉಕುಲೇಲೆಯನ್ನು ತರಗತಿಯ ಮುಖ್ಯ ವಾದ್ಯವನ್ನಾಗಿ ಮಾಡಿದರು. ಮೂರು ಮೂಲೆಯ ಉಕುಲೇಲೆಯನ್ನೂ ಮಾಡಿಸಿದರು. ಅವರಿಗೆ ಇದು ಬರೀ ಜಣ್ ಜಣ್ ಅನ್ನಿಸುವ ವಾದ್ಯ ಆಗಿರಲಿಲ್ಲ. ಮಕ್ಕಳು ಅದರಲ್ಲೇ ಹಾಡಬೇಕು, ಧಾಟಿ ನುಡಿಸಬೇಕು, ಸ್ವರ ಓದಬೇಕು. ಕೆನಡಾದ ಶಾಲೆಗಳಲ್ಲಿ ನಾಲ್ಕು ತಂತಿಗೆ ಎ-ಡಿ-ಎಫ್ ಶಾರ್ಪ್-ಬಿ (ಇವು ಪಾಶ್ಚಾತ್ಯ ಸ್ವರಗಳ ಹೆಸರು) ಅನ್ನುವ ಶ್ರುತಿ ರೂಢಿಗೆ ಬಂದಿದ್ದೂ ಆ ದಾರಿಯಲ್ಲೇ. ನಾವು ಇಲ್ಲಿ ಬಳಸುವುದು ಜಿ-ಸಿ-ಇ-ಎ. ಇಂಟರ್ನೆಟ್ಟಿನಲ್ಲಿ ಪಾಠ ಹುಡುಕುವಾಗ ಇದನ್ನು ನೆನಪಿಡಿ. ಇಲ್ಲದಿದ್ದರೆ ಬೆರಳು ಸರಿಯಾಗಿದ್ದರೂ ಸ್ವರ ಬೇರೆ ಬರುತ್ತದೆ, ತಲೆ ಕೆಡುತ್ತದೆ.

ಇದೇ ಯಾಕೆ? ಹೊರದೇಶದ ಎಷ್ಟೋ ಶಾಲೆಗಳಲ್ಲಿ ರೆಕಾರ್ಡರ್ ಕೊಳಲು ಕಲಿಸುತ್ತಾರೆ. ಒಳ್ಳೆಯದೇ. ಆದರೆ ಕೊಳಲು ಬಾಯಲ್ಲಿದ್ದರೆ ಹಾಡುವುದು ಹೇಗೆ? ಗಿಟಾರಿನ ತಂತಿ ಉದ್ದ ಸುಮಾರು 25 ಇಂಚು, ಆರು ತಂತಿ, ಬಹಳಷ್ಟು ಉಕ್ಕಿನವು. ಎಂಟು ವರ್ಷದ ಬೆರಳು ಅಳುತ್ತದೆ. ಸೊಪ್ರಾನೊ ಅನ್ನುವ ಚಿಕ್ಕ ಅಳತೆಯ ಉಕುಲೇಲೆಯಲ್ಲಿ ತಂತಿ ಸುಮಾರು 13 ಇಂಚು, ನಾಲ್ಕೇ ತಂತಿ, ಎಲ್ಲವೂ ನೈಲಾನು. ಇನ್ನೊಂದು ಗುಣ ನನಗೆ ತಡವಾಗಿ ಹೊಳೆಯಿತು. ಇದರ ಅತಿ ತಗ್ಗಿನ ಸ್ವರ ಪಿಯಾನೊ ಮಣೆಯ ನಡುವಿನ ಸಿ. ಅಲ್ಲಿಂದ ಮೇಲಿನ ಸಿವರೆಗೆ ಮಕ್ಕಳ ಗಂಟಲು ಆರಾಮಾಗಿ ಓಡಾಡುತ್ತದೆ. ಅಂದರೆ ಮಗುವಿನ ದನಿ ಎಲ್ಲಿದೆಯೋ ವಾದ್ಯದ ದನಿಯೂ ಅಲ್ಲೇ ಇದೆ. ಗಂಡಸು ಮೇಷ್ಟ್ರು ಒಂದು ಸ್ಥಾಯಿ ಕೆಳಗೆ ಹಾಡಿ ತೋರಿಸಿದಾಗ ಗಲಿಬಿಲಿಯಾಗುವ ಮಕ್ಕಳು, ಉಕುಲೇಲೆಯ ತಂತಿ ಮೀಟಿದರೆ ಥಟ್ ಅಂತ ಸ್ವರ ಹಿಡಿಯುತ್ತಾರೆ.

ಈಗ ನಮ್ಮೆಲ್ಲರ ದೊಡ್ಡ ತಲೆನೋವು, ಶ್ರುತಿ ಮಾಡುವುದು. 32 ವಾದ್ಯ, 128 ತಂತಿ. ತಂತಿಗೆ ಅರ್ಧ ನಿಮಿಷ ಅಂದರೂ ಒಂದು ಗಂಟೆ ದಾಟುತ್ತದೆ. ನಮ್ಮ ಪೀರಿಯಡ್ಡು 40 ನಿಮಿಷ. ಹೊಸ ನೈಲಾನು ತಂತಿ ಬೇರೆ, ಒಂದೆರಡು ವಾರ ಎಳೆದುಕೊಳ್ಳುತ್ತಲೇ ಇರುತ್ತದೆ. ಬೆಳಿಗ್ಗೆ ಸರಿ ಮಾಡಿದ್ದು ಮಧ್ಯಾಹ್ನಕ್ಕೆ ಇಳಿದಿರುತ್ತದೆ. ಮೂರನೇ ಕ್ಲಾಸಿನ ಮಕ್ಕಳ ಕೈಗೆ ಬಿರಡೆ ಕೊಡಬೇಡಿ. ನಾನು ಕೊಟ್ಟು ಒಂದೇ ವಾರದಲ್ಲಿ ಐದು ತಂತಿ ಕಳೆದುಕೊಂಡೆ. ಶ್ರುತಿ ತೋರಿಸುವ ಟ್ಯೂನರಿನಲ್ಲಿ ಜಿ ಅಂತ ಅಕ್ಷರ ಬರುವವರೆಗೆ ತಿರುಗಿಸುತ್ತಾರೆ, ಪಾಪ. ಜಿ ದಾಟಿಹೋಯಿತು ಅಂತ ಗೊತ್ತಾಗದೆ, ಮೇಲಿನ ಇನ್ನೊಂದು ಜಿ ಹುಡುಕಿಕೊಂಡು ಹೊರಡುತ್ತಾರೆ. ಟಪ್!

ಈಗ ಆರನೇ ಕ್ಲಾಸಿನ ನಾಲ್ಕು ಮಕ್ಕಳು ನನ್ನ ಶ್ರುತಿ ಪಡೆ. ಊಟದ ಬಿಡುವಿನಲ್ಲಿ ಬಂದು ಹದಿನೈದು ನಿಮಿಷ ಕೂರುತ್ತಾರೆ. ವಾದ್ಯದ ತಲೆಗೆ ಸಿಕ್ಕಿಸುವ ಕ್ಲಿಪ್ ಟ್ಯೂನರ್ ತೆಗೆದುಕೊಳ್ಳಿ. ಅದು ಮರದ ಅದುರಾಟವನ್ನು ಹಿಡಿಯುತ್ತದೆ, ಸುತ್ತಲಿನ ಗಲಾಟೆ ಅದಕ್ಕೆ ಲೆಕ್ಕಕ್ಕಿಲ್ಲ. ಮೊಬೈಲ್ ಆ್ಯಪ್ ನಮ್ಮ ಕ್ಲಾಸಿನ ಸದ್ದಿನಲ್ಲಿ ಹುಚ್ಚು ಹಿಡಿದ ಹಾಗೆ ಆಡುತ್ತದೆ.

ಸದ್ದು ಅಂದಾಗ ನೆನಪಾಯಿತು. ಮೊದಲ ವರ್ಷ ಪಕ್ಕದ ಕ್ಲಾಸಿನ ಗಣಿತದ ಟೀಚರ್ ಬಾಗಿಲಲ್ಲಿ ಬಂದು ನಿಂತರು. ಏನೂ ಹೇಳಲಿಲ್ಲ. ಸುಮ್ನೆ ನಿಂತರು. ಮಾರನೇ ದಿನವೇ ನಾನು ಒಂದು ಪದ ಹುಟ್ಟುಹಾಕಿದೆ, "ಪಾಪು ಮಲಗಿದೆ". ಹಾಗಂದ ಕೂಡಲೇ ವಾದ್ಯ ತೊಡೆಯ ಮೇಲೆ, ತಂತಿ ಹೊಟ್ಟೆಯ ಕಡೆ, ಎರಡೂ ಕೈ ಅದರ ಬೆನ್ನ ಮೇಲೆ. ಪಾಪು ಮಲಗಿರುವಾಗ ಮುಟ್ಟುವ ಹಾಗಿಲ್ಲ. ಗದರುವುದಕ್ಕಿಂತ ಇದು ಎಷ್ಟೋ ವಾಸಿ. ಮಕ್ಕಳೇ ಒಬ್ಬರಿಗೊಬ್ಬರು ಶ್ ಅನ್ನುತ್ತಾರೆ.

ಸರಿ, ಮೊದಲ ವಾರಗಳು. ಎಡಗೈಗೆ ಒಂದೇ ಕೆಲಸ, ವಾದ್ಯದ ಕುತ್ತಿಗೆ ಹಿಡಿದುಕೊಳ್ಳುವುದು. ತಂತಿ ಒತ್ತುವುದಿಲ್ಲ. ಬಲಗೈ ತೋರುಬೆರಳು, ಉಗುರಿನ ಕಡೆಯಿಂದ, ಕುತ್ತಿಗೆ ಹೊಟ್ಟೆಗೆ ಸೇರುವ ಜಾಗದಲ್ಲಿ, ಮೇಲಿಂದ ಕೆಳಕ್ಕೆ. ಮಣಿಕಟ್ಟು ಸಡಿಲ. ಕೈಗೆ ನೀರು ಅಂಟಿದ್ದರೆ ಝಾಡಿಸುತ್ತೇವಲ್ಲ, ಹಾಗೆ. ಒತ್ತದೆ ಮೀಟಿದ ನಾಲ್ಕು ತಂತಿ ಒಟ್ಟಿಗೆ ಏನು ನುಡಿಯುತ್ತವೆ? ಸಿ ಅನ್ನು ಸ ಅಂತ ಇಟ್ಟುಕೊಳ್ಳಿ. ಮುಖದ ಕಡೆಯಿಂದ ನೆಲದ ಕಡೆಗೆ ಎಣಿಸಿದರೆ ಪ, ಸ, ಗ, ದ. ಅದರಲ್ಲೂ ಆ ಮೊದಲ ಪ ಸ್ವಲ್ಪ ವಿಚಿತ್ರ. ಅದು ಪಕ್ಕದ ಸ-ಗಗಳಿಗಿಂತ ಎತ್ತರದ ಸ್ವರ. ತಂತಿಗಳು ಏರುತ್ತಾ ಹೋಗದೆ, ಎತ್ತರದಿಂದ ದುಮುಕಿ ಮತ್ತೆ ಏರುತ್ತವೆ. ಉಕುಲೇಲೆಯ ಆ ಗಿಲಿಗಿಲಿ ನಾದ ಬರುವುದು ಅಲ್ಲಿಂದಲೇ.

ಈ ಪ-ಸ-ಗ-ದ ಮೀಟುತ್ತಾ ಎಷ್ಟೋ ಶಿಶುಪ್ರಾಸಗಳನ್ನು ಹೇಳಬಹುದು. ನರ್ಸರಿಯಲ್ಲಿ ಕಲಿತು ಬಂದ ಆನೆಯ ಪ್ರಾಸ, ಬಾಳೆಲೆಯ ಪ್ರಾಸ, ಎಲ್ಲವೂ ನಡೆಯುತ್ತವೆ. ಅವುಗಳಲ್ಲಿ ಲಯ ಜಾಸ್ತಿ, ರಾಗ ಕಮ್ಮಿ. ಕಾರ್ಡ್ ಬದಲಾಯಿಸಿ ಅಂತ ಅವು ಕೇಳುವುದೇ ಇಲ್ಲ. ಮೂರು ವಾರ ಇಷ್ಟೇ ಮಾಡುತ್ತೇನೆ. "ಏನ್ ಮಿಸ್, ಇನ್ನೂ ಏನೂ ಹೇಳಿಕೊಟ್ಟಿಲ್ವಾ?" ಅಂತ ಪೋಷಕರು ಕೇಳುತ್ತಾರೆ. ಕೇಳಲಿ. ಅಷ್ಟರಲ್ಲಿ ಮಗು ಬಲಗೈಯನ್ನು ಮರೆತಿರುತ್ತದೆ. ನನಗೆ ಬೇಕಾದ್ದು ಅದೇ. ಬಲಗೈ ತನ್ನ ಪಾಡಿಗೆ ನಡೆಯಬೇಕು, ಬಾಯಿ ಹಾಡಬೇಕು.

ಒಂದು ಎಚ್ಚರಿಕೆ. ಮೇಲಿನ ತಂತಿ, ಕೆಳಗಿನ ತಂತಿ ಅಂತ ಹೇಳಬೇಡಿ. ನಮಗೆ ಮೇಲಿನ ಸ್ವರ ಅಂದರೆ ತಾರದ ಕಡೆ. ಇಲ್ಲಿ ನೆಲದ ಹತ್ತಿರದ ತಂತಿಯೇ ಎತ್ತರದ ಸ್ವರ. ನಾನು ಮೂಗಿನ ತಂತಿ, ನೆಲದ ತಂತಿ ಅನ್ನುತ್ತೇನೆ.

ನಾಲ್ಕನೇ ವಾರ ಎಡಗೈಯನ್ನು ಕರೆಯುತ್ತೇನೆ. ಆದರೆ ಕಾರ್ಡ್‌ಗಲ್ಲ, ಮೋಹನ ರಾಗಕ್ಕೆ. ಇದು ನಾನು ವೀಣೆಯಿಂದ ತಂದ ದಾರಿ, ದಯವಿಟ್ಟು ಗಮನವಿಟ್ಟು ನೋಡಿ. ಮೋಹನಕ್ಕೆ ಬೇಕಾದ್ದು ಸ, ರಿ, ಗ, ಪ, ದ, ಮೇಲಿನ ಸ. ಸ ಖಾಲಿ ತಂತಿ. ರಿಗೆ ಅದೇ ತಂತಿಯ ಎರಡನೇ ಮನೆ (ಮನೆ ಅಂದರೆ ಎರಡು ಮೆಟ್ಟುಗಳ ನಡುವಿನ ಜಾಗ) ಒತ್ತಬೇಕು. ಗ ಖಾಲಿ ತಂತಿ. ಪ ಖಾಲಿ ತಂತಿ, ಆದರೆ ಅದು ಮೂಗಿನ ತಂತಿ, ಬಲಗೈ ಹೆಬ್ಬೆರಳು ಅಲ್ಲಿಗೆ ನೆಗೆಯಬೇಕು. ದ ಖಾಲಿ, ನೆಲದ ತಂತಿ. ಮೇಲಿನ ಸ ಬೇಕಾದರೆ ಅದೇ ನೆಲದ ತಂತಿಯ ಮೂರನೇ ಮನೆ. ಇಡೀ ಆರೋಹಣದಲ್ಲಿ ಎಡಗೈ ಒತ್ತುವುದು ಎರಡೇ ಕಡೆ! ಈ ವಾದ್ಯ ಹವಾಯಿಯಲ್ಲಿ ಹುಟ್ಟಿತೋ ನಮ್ಮ ಕಡೆಯೋ ಅಂತ ಅನುಮಾನ ಬರುವಷ್ಟು ಸಲೀಸು.

ಅರ್ಧ ಕ್ಲಾಸು ಮೂಗಿನ ಕಡೆಯ ಎರಡೇ ತಂತಿ ಮೀಟುತ್ತಾರೆ. ಪ-ಸ, ಪ-ಸ. ತಂಬೂರಿ ಸಿದ್ಧ. ಇನ್ನರ್ಧ ಕ್ಲಾಸು ಮೋಹನ ಮೀಟುತ್ತಾ ಹಾಡುತ್ತಾರೆ. ಐದು ನಿಮಿಷಕ್ಕೆ ಅದಲು ಬದಲು. ಮನೆಯಲ್ಲಿ ಸಂಗೀತ ಕಲಿಯುವ ಒಬ್ಬ ಹುಡುಗಿ ಇದನ್ನು ಕೇಳಿಸಿಕೊಂಡು, ಸಂಗೀತ ಕಲಿಯುವವರ ಮೊದಲ ಪಾಠವಾದ ಮಾಯಾಮಾಳವಗೌಳ ರಾಗದ ಸರಳೆ ವರಸೆಯನ್ನು ತಾನೇ ಹುಡುಕಿಕೊಂಡು ಬಂದಳು. ರಿ ಮೊದಲ ಮನೆಗೆ ಇಳಿಯಿತು, ದ ಗಾಂಧಾರದ ತಂತಿಯ ನಾಲ್ಕನೇ ಮನೆಗೆ ಹೋಯಿತು. ಯಾರೂ ಹೇಳಿಕೊಟ್ಟಿರಲಿಲ್ಲ. ಗಮಕ, ಅಂದರೆ ಸ್ವರವನ್ನು ತೂಗಿ ಆಡಿಸುವುದು, ಬರುತ್ತಾ ಅಂತ ಕೇಳಬೇಡಿ. ಬರುವುದಿಲ್ಲ. ಗಮಕವೇ ಜೀವಾಳವಾದ ಹಾಡುಗಳನ್ನು ಇದಕ್ಕೆ ಎಳೆದು ತರುವುದೂ ಬೇಡ.

ಈಗ ನೋಡಿ. ಮೇಲಿನ ಸ ಒತ್ತಿದ ಬೆರಳನ್ನು ತೆಗೆಯಬೇಡಿ. ಹಾಗೇ ಇಟ್ಟು ನಾಲ್ಕೂ ತಂತಿ ಎಳೆಯಿರಿ. ಪ, ಸ, ಗ, ಸ. ದ ಹೋಯಿತು, ಮೇಲಿನ ಸ ಬಂತು. ಅದೇ ಸಿ ಕಾರ್ಡ್. ಮಕ್ಕಳಿಗೆ ಕಾರ್ಡ್ ಕಲಿತೆವು ಅನ್ನಿಸುವುದೇ ಇಲ್ಲ, ಗೊತ್ತಿದ್ದ ಜಾಗವನ್ನೇ ಒತ್ತಿರುತ್ತಾರೆ. ಜೊತೆಗೆ ಅದು ಅಂಚಿನ ತಂತಿ. ಬೆರಳು ವಾಲಿದರೂ ಪಕ್ಕದಲ್ಲಿ ಕೆಡಿಸುವುದಕ್ಕೆ ಇರುವುದು ಒಂದೇ ತಂತಿ.

ಉಂಗುರದ ಬೆರಳನ್ನೇ ಇಡಬೇಕು. ತೋರುಬೆರಳು ಇಟ್ಟರೆ ಸುಲಭ, ಎಲ್ಲ ಮಕ್ಕಳೂ ಅದನ್ನೇ ಇಡುತ್ತಾರೆ. ಎರಡು ವಾರ ಬಿಡಿ ಅನ್ನುವ ಟೀಚರ್‌ಗಳಿದ್ದಾರೆ. ನಾನು ಬಿಡುವುದಿಲ್ಲ. ಆಮೇಲೆ ಬಿಡಿಸುವಾಗ ಕಣ್ಣೀರು. ಒತ್ತುವುದು ತಂತಿಯ ಮನೆ ನಡುವೆ ಅಲ್ಲ, ಮುಂದಿನ ಫ್ರೆಟ್ಟಿನ (ಮೆಟ್ಟಿನ) ಬೆನ್ನಿಗೆ ಅಂಟಿಕೊಂಡು. ಅಲ್ಲಿ ಅರ್ಧ ಬಲ ಸಾಕು. ಆ ಜಾಗಕ್ಕೆ ನಾನು ಸ್ಟಿಕ್ಕರ್ ಬೊಟ್ಟು ಅಂಟಿಸುತ್ತೇನೆ. ಹೌದು, ಹಣೆಗೆ ಇಡುವ ಬೊಟ್ಟೇ. ಸಣ್ಣ ಸೈಜು. ಸಿಗೆ ಕೆಂಪು, ಎ ಮೈನರ್‌ಗೆ ಹಸಿರು. ಒಂದು ತಿಂಗಳ ಮೇಲೆ ಕಿತ್ತು ಹಾಕಿ. ಅಂಟು ಮೆತ್ತುತ್ತದೆ, ಮಕ್ಕಳು ಬಣ್ಣ ನೋಡಿಯೇ ನುಡಿಸತೊಡಗುತ್ತಾರೆ, ತಲೆ ಮತ್ತೆ ಬಗ್ಗುತ್ತದೆ. ಉಗುರಂತೂ ಸೋಮವಾರ ಪ್ರೇಯರಿನಲ್ಲಿ ಹೇಗೂ ನೋಡುತ್ತಾರಲ್ಲ, ಎಡಗೈಯನ್ನು ಇನ್ನೊಂದು ಸಲ ನೋಡಿ.

ಕಾರ್ಡ್ ಬದಲಾಯಿಸುವ ವಿಷಯಕ್ಕೆ ಬರೋಣ, ಹಾಡು ನಿಲ್ಲುವುದು ಅಲ್ಲೇ. ಮಕ್ಕಳು ನಾಲ್ಕನೇ ಹೊಡೆತವನ್ನೂ ಪೂರ್ತಿ ಹೊಡೆದು, ಆಮೇಲೆ ಬೆರಳು ಹುಡುಕುತ್ತಾರೆ. ತಾಳ ಅಷ್ಟು ಹೊತ್ತು ಕಾಯುತ್ತಾ? ಹಾಗಾಗಿ ನಮ್ಮ ಕ್ಲಾಸಿನ ಕಾನೂನು, ಮೂರು ಹೊಡೆತ, ಒಂದು ನೆಗೆತ. ಆದಿತಾಳ ಇಟ್ಟುಕೊಳ್ಳಿ. ಲಘುವಿನ ನಾಲ್ಕು ಎಣಿಕೆಗೆ ಒಂದು ಕಾರ್ಡ್, ಎರಡು ದ್ರುತಕ್ಕೆ, ಅಂದರೆ ಉಳಿದ ನಾಲ್ಕು ಎಣಿಕೆಗೆ, ಇನ್ನೊಂದು. ಪ್ರತಿ ನಾಲ್ಕನೇ ಎಣಿಕೆ ಖಾಲಿ. ಆ ಖಾಲಿ ಜಾಗದಲ್ಲಿ ಚಿಗಟ ಹಾರುತ್ತದೆ. ಬಾಯಿ ಮಾತ್ರ ನಿಲ್ಲಬಾರದು. ಒಂದು ವೇಳೆ ಬೆರಳು ತಲುಪದಿದ್ದರೆ, ತಲುಪದ ಕೈಯಿಂದಲೇ ಮುಂದಿನ ಹೊಡೆತ. ತಪ್ಪು ಕಾರ್ಡ್ ನಡೆಯುತ್ತದೆ, ನಿಂತ ತಾಳ ನಡೆಯುವುದಿಲ್ಲ.

ಮುಂದಿನ ಕಾರ್ಡ್‌ಗಳನ್ನು ಬೆರಳು ಉಳಿಯುವ ಕ್ರಮದಲ್ಲಿ ಕಲಿಸಿ. ಎ ಮೈನರ್ ಅಂದರೆ ಮೂಗಿನ ತಂತಿಯ ಎರಡನೇ ಮನೆಯಲ್ಲಿ ನಡುಬೆರಳು, ಅಷ್ಟೇ. ಅದನ್ನು ಅಲುಗಿಸದೆ, ಗಾಂಧಾರದ ತಂತಿಯ ಮೊದಲ ಮನೆಗೆ ತೋರುಬೆರಳು ಸೇರಿಸಿದರೆ ಎಫ್. ಈಗ ಆ ತೋರುಬೆರಳು ಇರಲಿ. ನಡುಬೆರಳು ಪಕ್ಕದ ಸ ತಂತಿಗೆ ಇಳಿದು, ನೆಲದ ತಂತಿಯ ಎರಡನೇ ಮನೆಗೆ ಉಂಗುರದ ಬೆರಳು ಬಂದರೆ ಜಿ ಸೆವೆನ್. ಪ್ರತಿ ಸಲ ಒಂದು ಬೆರಳು ಮನೆಯಲ್ಲೇ ಉಳಿಯುತ್ತದೆ. ಕುಂಟೆಬಿಲ್ಲೆ ಆಡುವಾಗ ಒಂದು ಕಾಲು ನೆಲದ ಮೇಲೆ ಇರುತ್ತಲ್ಲ, ಹಾಗೆ. ಚಾರ್ಟ್ ಅಂಟಿಸಿದ ವರ್ಷ ನನಗೆ ಇದು ಕಂಡಿರಲೇ ಇಲ್ಲ. ಸಿಯಿಂದ ನೇರ ಜಿ ಸೆವೆನ್‌ಗೆ ಹಾರಿಸಿದ್ದೆ. ಅಲ್ಲಿ ಉಳಿಯುವ ಬೆರಳು ಒಂದೂ ಇಲ್ಲ.

ಎಡಗೈ ಮಕ್ಕಳ ಬಗ್ಗೆ ಯಾವಾಗಲೂ ಕೇಳುತ್ತಾರೆ. ನನ್ನ ಅನುಭವದಲ್ಲಿ, ಎಲ್ಲರ ಹಾಗೇ ಹಿಡಿಯಲು ಹೇಳಿ ನೋಡಿ. ಎರಡೂ ಕೈಗೆ ಕೆಲಸ ಹೊಸದೇ, ಹೆಚ್ಚಿನವರು ಒಗ್ಗಿಕೊಳ್ಳುತ್ತಾರೆ. ಒಂದು ತಿಂಗಳಾದರೂ ಮಗು ತಿರುಗಿಸಿಯೇ ಹಿಡಿಯುತ್ತಿದ್ದರೆ, ಅದರ ತಂತಿ ಬಿಚ್ಚಿ ಉಲ್ಟಾ ಕಟ್ಟಿಕೊಡಿ. ಜಗಳ ಬೇಡ.

ಸ್ಕೂಲ್ ಡೇ ಕತೆ ಹೇಳದೆ ಮುಗಿಸಲಾರೆ. ಡಿಸೆಂಬರ್. ಮಧ್ಯಾಹ್ನ ಮೂರು ಗಂಟೆಗೆ, ಬಿಸಿಲು ಬೀಳುವ ಕೋಣೆಯಲ್ಲಿ ಕೂತು 32 ವಾದ್ಯಕ್ಕೂ ಶ್ರುತಿ ಮಾಡಿದೆ. ನಮ್ಮ ಸರದಿ ಬಂದಿದ್ದು ರಾತ್ರಿ ಎಂಟಕ್ಕೆ, ಬಯಲಿನಲ್ಲಿ, ಚಳಿ. ಮೊದಲ ಹೊಡೆತಕ್ಕೇ ಗೊತ್ತಾಯಿತು, ಒಂದೂ ಒಂದರ ಜೊತೆ ಸೇರುತ್ತಿಲ್ಲ. ನನ್ನದೇ ತಪ್ಪು. ಬಿಸಿ ಚಳಿಗೆ ತಂತಿ ಜರುಗುತ್ತದೆ ಅಂತ ವೀಣೆ ನುಡಿಸುವ ನನಗೆ ಗೊತ್ತಿರಲಿಲ್ಲವಾ? ನಾನು ಕಣ್ಣು ಮುಚ್ಚಿಕೊಂಡೆ. ಮಕ್ಕಳು ಗಂಟಲು ಬಿಟ್ಟು ಹಾಡಿದರು. ಮುಂದಿನ ಸಾಲಿನಲ್ಲಿದ್ದ ಅಜ್ಜಿಯೊಬ್ಬರು ಆಮೇಲೆ ಬಂದು, "ಆ ಪುಟ್ಟ ಪುಟ್ಟ ಪೆಟ್ಟಿಗೆ ಬಡೀತಿದ್ರಲ್ಲ, ಅದೇನಮ್ಮ?" ಅಂದರು. ಹಾಡು ಮಾತ್ರ ಅವರಿಗೆ ಪೂರ್ತಿ ಕೇಳಿಸಿತ್ತು. ಈಗ ಕಾರ್ಯಕ್ರಮ ಬಯಲಿನಲ್ಲಿದ್ದರೆ ವಾದ್ಯಗಳನ್ನು ಒಂದು ಗಂಟೆ ಮೊದಲೇ ಹೊರಗೆ ಇಟ್ಟು, ಅಲ್ಲೇ ಶ್ರುತಿ ಮಾಡುತ್ತೇವೆ.

ಕೊನೆಯಲ್ಲಿ ಕೆಲವರು ಪ್ರಶ್ನೆ ಕೇಳಿದರು. ಎರಡನ್ನು ಇಲ್ಲಿ ಸೇರಿಸುತ್ತೇನೆ.

ಸರ್ಕಾರಿ ಶಾಲೆಯ ಮೇಷ್ಟ್ರೊಬ್ಬರು ಕೇಳಿದ್ದು, "ನಮ್ಮಲ್ಲಿ ಸಂಗೀತದ ಟೀಚರೇ ಇಲ್ಲ, ನಾನು ನಲಿ-ಕಲಿ ಮೇಷ್ಟ್ರು. ನನ್ನಿಂದ ಆಗುತ್ತಾ?" ಆಗುತ್ತದೆ ಸರ್. ನಿಜ ಹೇಳಬೇಕೆಂದರೆ ನನಗಿಂತ ನಿಮಗೇ ಸುಲಭ. ದಿನಾ ಮಕ್ಕಳ ಜೊತೆ ನೆಲದ ಮೇಲೆ ಕೂತು, ಕೈ ತಟ್ಟಿ ಹಾಡಿಸುವವರು ನೀವು. ಮೊದಲ ಮೂರು ವಾರದ ಪಾಠ ನಿಮಗೆ ಆಗಲೇ ಬರುತ್ತದೆ. ಒಂದೇ ಒಂದು ವಾದ್ಯ ತೆಗೆದುಕೊಂಡು ನೀವು ನುಡಿಸಿ, ಅವರು ಹಾಡಲಿ.

ಇನ್ನೊಬ್ಬರು ಕೇಳಿದ್ದು ಹಣದ ಬಗ್ಗೆ. ಪರವಾಗಿಲ್ಲ ಅನ್ನುವಂಥ ಸೊಪ್ರಾನೊಗೆ ಎರಡು-ಮೂರು ಸಾವಿರ ರೂಪಾಯಿ ಆಗುತ್ತದೆ. ಅದಕ್ಕಿಂತ ಅಗ್ಗದ ಆಟದ ಸಾಮಾನು ಬೇಡ, ತಂತಿ ಫ್ರೆಟ್ಟಿನಿಂದ ಎತ್ತರದಲ್ಲಿರುತ್ತದೆ, ಒತ್ತಿದರೆ ಶ್ರುತಿ ಜಾರುತ್ತದೆ. 32 ಮಕ್ಕಳಿಗೆ 32 ಬೇಡವೇ ಬೇಡ. 16 ಸಾಕು. ಇಬ್ಬರಿಗೆ ಒಂದು. ಒಬ್ಬರು ನುಡಿಸುವಾಗ ಇನ್ನೊಬ್ಬರು ತಾಳ ಹಾಕುತ್ತಾ ಹಾಡುತ್ತಾರೆ, ಬೆರಳು ಎಲ್ಲಿದೆ ಅಂತಲೂ ನೋಡುತ್ತಾರೆ. ಒಂದು ಹಾಡು ಮುಗಿದ ಮೇಲೆ ವಾದ್ಯ ಆ ಕೈಗೆ. ಈಗ ನಮ್ಮಲ್ಲಿ 32 ಇದ್ದರೂ ನಾನು ಕಪಾಟಿನಿಂದ 16 ಮಾತ್ರ ತೆಗೆಯುತ್ತೇನೆ. ಉಳಿದವು ತಂತಿ ಹರಿದಾಗ ಬೇಕಾಗುತ್ತವೆ.